ಟಾಕಿ ಮೇಲೆ ನಿಂತವನ ಫೋನ್ ಯಾರು ಎತ್ತಬೇಕು?

ಇವತ್ತು ರಾಜಕೀಯ ಇಲ್ಲ. ಇವತ್ತು ಒಬ್ಬ ಮನುಷ್ಯನ ಬಗ್ಗೆ ಮಾತಾಡೋಣ. ಅವನ ಹೆಸರು ಬೇಡ, ಯಾಕಂದ್ರೆ ಅವನು ನಿಮ್ಮೂರಲ್ಲೂ ಇದ್ದಾನೆ. ನೀವು ಏಳೋ ಮುಂಚೆ ಎದ್ದಿರ್ತಾನೆ. ಸೈಕಲ್ಲೋ, ಹಳೇ ಬೈಕೋ ಹತ್ತಿ ಹೋಗಿ ಬೋರಿನ ಸ್ಟಾರ್ಟರ್ ಒತ್ತುತ್ತಾನೆ, ಟಾಕಿ ತುಂಬಿಸುತ್ತಾನೆ, ಓಣಿ ಓಣಿಯ ವಾಲ್ವ್ ತಿರುಗಿಸುತ್ತಾನೆ. ಕಾಗದದಲ್ಲಿ ವಾಟರ್‌ಮ್ಯಾನ್, ನೀರುಗಂಟಿ. ಬಾಗಲಕೋಟೆ ಕಡೆ ಕೇಳಿದರೆ 'ನೀರ ಬಿಡಾಂವ'. ನೀರು ಬರಲಿಲ್ಲ ಅಂದ್ರೆ ಇಡೀ ಊರು ಅವನನ್ನು ಬೈಯುತ್ತೆ. ನೀರು ಬಂದ ದಿನ ಅವನು ಯಾರಿಗೂ ನೆನಪಾಗೋದಿಲ್ಲ.

ಈ ಮನುಷ್ಯನ ಕೈಯಲ್ಲಿ ಏನಿದೆ ಗೊತ್ತಾ? ಸಾವಿರಾರು ಜನರ ಹೊಟ್ಟೆ ಇದೆ. ಅವನು ಹಾಕುವ ಬ್ಲೀಚಿಂಗ್ ಪೌಡರ್ ಹೆಚ್ಚಾದರೆ ಜನ ಆ ನೀರು ಬಿಟ್ಟು ಹಳ್ಳದ ನೀರಿಗೆ ಹೋಗ್ತಾರೆ. ಕಡಿಮೆಯಾದರೆ ಆಸ್ಪತ್ರೆಗೆ ಹೋಗ್ತಾರೆ. ಇಷ್ಟು ದೊಡ್ಡ ಕೆಲಸಕ್ಕೆ ಅವನಿಗೆ ಸಿಕ್ಕ ತರಬೇತಿ ಎಷ್ಟು? ಬಹಳ ಊರುಗಳಲ್ಲಿ ಹಿಂದಿನ ನೀರುಗಂಟಿ ತೋರಿಸಿಕೊಟ್ಟಿದ್ದೇ ತರಬೇತಿ.

2022ರಲ್ಲಿ ರಾಯಚೂರು ನಗರ. 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್. ಅದೇ ವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ವಾಂತಿ, ಭೇದಿ, ಸಾವು. ಪ್ರತಿ ಸಲ ನಾವು ಚಾನೆಲ್‌ನವರು ಕ್ಯಾಮೆರಾ ತಗೊಂಡು ಓಡಿದ್ದೇವೆ. ಟಾಕಿ ತೋರಿಸಿದ್ದೇವೆ, ಚರಂಡಿ ತೋರಿಸಿದ್ದೇವೆ. ನಾನೂ ಅಂಥ ಕಾರ್ಯಕ್ರಮ ಮಾಡಿದವನೇ. 'ಯಾರು ಹೊಣೆ?' ಅಂತ ಗಂಟಲು ಹರಿದುಕೊಂಡಿದ್ದೇನೆ. ಆದರೆ ಅದಕ್ಕೆ ಹಿಂದಿನ ವಾರ ಅಂಥ ಒಂದೂರಿನ ನೀರುಗಂಟಿಗೆ ಏನೋ ಅನುಮಾನ ಬಂದಿದ್ದರೆ ಅವನು ಯಾರಿಗೆ ಫೋನ್ ಮಾಡಬೇಕಿತ್ತು? ಆ ಪ್ರಶ್ನೆ ನಾನು ಒಂದು ಸಲವೂ ಕೇಳಲಿಲ್ಲ. ಇವತ್ತು ಕೇಳ್ತಿದ್ದೇನೆ.

ಕಲಾದಗಿ ಗೊತ್ತಲ್ಲ? ಘಟಪ್ರಭಾ ದಂಡೆಯ ಊರು. ಚಿಕ್ಕು, ದಾಳಿಂಬೆಗೆ ಹೆಸರುವಾಸಿ. ಬ್ರಿಟಿಷರ ಕಾಲದಲ್ಲಿ ಇದೇ ಜಿಲ್ಲಾ ಕೇಂದ್ರ, ಆಮೇಲೆ ಕಚೇರಿಗಳೆಲ್ಲ ವಿಜಯಪುರಕ್ಕೆ ಹೋದವು. ಆದರೆ ಊರಿನ ಹೆಸರು ಇನ್ನೊಂದು ದಾರಿಯಲ್ಲಿ ಜಗತ್ತಿಗೆ ಹೋಯಿತು. 1870ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಈ ಸೀಮೆಯ ಕಲ್ಲುಗಳನ್ನು ಅಳೆದು ನೋಡಿ, ಅವಕ್ಕೆ ಕಲಾದಗಿ ಹೆಸರಲ್ಲೇ ವರದಿ ಬರೆದ. ಇವತ್ತಿಗೂ ಭೂವಿಜ್ಞಾನ ಓದುವ ಹುಡುಗರು 'ಕಲಾದಗಿ ಶಿಲಾಸ್ತರ' ಅಂತ ಓದುತ್ತಾರೆ. ಹೊರಗಿನ ತಜ್ಞ ಬಂದ, ನೋಡಿದ, ಬರೆದ. ಆ ಕಲ್ಲಿನಡಿಯಿಂದ ನೀರೆತ್ತುವವನಿಗೆ ಮಾತ್ರ ನೂರೈವತ್ತು ವರ್ಷವಾದರೂ ಅದರ ಸುದ್ದಿ ಯಾರೂ ಹೇಳಲಿಲ್ಲ.

ಹೇಳಬೇಕಾದ ಸುದ್ದಿ ಇದೆ ರೀ. ಕಲಾದಗಿ, ಬಾಗಲಕೋಟೆ ಸುತ್ತ ಸುಣ್ಣಕಲ್ಲು ಬಹಳ. ಸುಣ್ಣಕಲ್ಲಿನ ನೀರು ಗಡಸು. ಬೋಗುಣಿ ತಳಕ್ಕೆ ಬಿಳಿ ಪದರ ಕಟ್ಟುತ್ತೆ, ಶುದ್ಧ ನೀರಿನ ಘಟಕದ ಆರ್‌ಒ ಮೆಂಬ್ರೇನ್‌ಗೂ ಅದೇ ಪದರ ಕಟ್ಟಿ ಯಂತ್ರ ಕೂರುತ್ತೆ. ಇಲ್ಲಿಂದ ಪೂರ್ವಕ್ಕೆ ಹುನಗುಂದ, ಇಳಕಲ್ಲ ಕಡೆ ಹೋಗಿ. ಅಲ್ಲಿ ಗ್ರಾನೈಟ್. ಇಳಕಲ್ಲ ಕೆಂಪುಕಲ್ಲು ದೇಶ ವಿದೇಶಕ್ಕೆ ಹೋಗುತ್ತೆ, ಆದರೆ ಅಂಥ ಕಲ್ಲಿನ ಸಂದಿಯ ಬೋರ್ ನೀರಲ್ಲಿ ಕೆಲವು ಕಡೆ ಫ್ಲೋರೈಡ್ ಮಿತಿ ಮೀರಿರುತ್ತೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲ ಅಂದಾಗ 1.5 ತನಕ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು, ದೊಡ್ಡವರ ಕೀಲು ಬಿಗಿ. ಬ್ಲೀಚಿಂಗ್ ಹಾಕಿದರೂ ಫ್ಲೋರೈಡ್ ಹೋಗೋದಿಲ್ಲ, ಕುದಿಸಿದರೂ ಹೋಗೋದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತೆ. ಇನ್ನು ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಊರುಗಳ ಚಿಂತೆ ಬೇರೆ. 2019ರ ಆಗಸ್ಟ್ ಪ್ರವಾಹ ನೆನಪಿಸಿಕೊಳ್ಳಿ, ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಅಂಥ ಹೊತ್ತಲ್ಲಿ ಕೆಸರು, ರೋಗಾಣು ಎರಡೂ ಒಟ್ಟಿಗೆ ಬರುತ್ತವೆ.

ಒಂದೇ ಜಿಲ್ಲೆ, ಮೂರು ಥರದ ನೀರು, ಮೂರು ಥರದ ಸಂಕಟ. ಹಾಗಾಗಿ ಬೆಂಗಳೂರಲ್ಲೋ ದಿಲ್ಲಿಯಲ್ಲೋ ಕೂತ ತಜ್ಞರು ಎಲ್ಲರಿಗೂ ಒಂದೇ ಪಿಡಿಎಫ್ ಕಳಿಸಿದರೆ ಅದು ಯಾರ ಕೆಲಸಕ್ಕೂ ಬರೋದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್‌ರಾಜ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು, ಜನ ಪ್ರೀತಿಯಿಂದ 'ನೀರ್ ಸಾಬ್' ಅಂದರು. ಅವತ್ತಿನ ಪ್ರಶ್ನೆ ಒಂದೇ: ಊರಿಗೆ ನೀರಿದೆಯೋ ಇಲ್ಲವೋ? ಕೈಪಂಪಿಗೆ ಕೈ ಸಾಕಿತ್ತು. 2019ರಲ್ಲಿ ಜಲಜೀವನ್ ಮಿಷನ್ ಬಂತು. ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಈಗ ಒಂದು ಸಣ್ಣ ಹಳ್ಳಿಯಲ್ಲೂ ಸಬ್‌ಮರ್ಸಿಬಲ್ ಮೋಟಾರ್, ಪ್ಯಾನೆಲ್ ಬೋರ್ಡ್, ಟಾಕಿ, ಹತ್ತಾರು ವಾಲ್ವ್, ಆರ್‌ಒ ಘಟಕ. ಸಾಮಾನು ಪಟ್ಟಣದ್ದು, ನಡೆಸುವವನು ಒಬ್ಬನೇ. ಅವನೇ ಬೀದಿ ದೀಪ ಹಾಕಬೇಕು, ಗ್ರಾಮಸಭೆಗೆ ಡಂಗುರವನ್ನೂ ಅವನೇ ಸಾರಬೇಕು.

ಅವನ ಹತ್ತಿರ ಈಗ ಒಂದು ಸ್ಮಾರ್ಟ್‌ಫೋನ್ ಕೂಡ ಇದೆ. ಬಾಗಲಕೋಟೆಯಲ್ಲೋ, ಧಾರವಾಡದಲ್ಲೋ, ಬೆಂಗಳೂರಲ್ಲೋ ಇರುವ ಬಲ್ಲವರು ಆ ಫೋನಿನ ಮೂಲಕ ಅವನ ಪಕ್ಕದಲ್ಲಿ ನಿಲ್ಲೋಕೆ ಆಗುತ್ತಾ? ಆಗುತ್ತೆ. ಹೇಗೆ ಅಂತ ತೋರಿಸ್ತೀನಿ. ಇದು ನಾನು ಕಟ್ಟಿದ ಸಂಭಾಷಣೆ, ಆದರೆ ಇದರಲ್ಲಿ ಬರುವ ತೊಂದರೆ ಎಲ್ಲ ಊರಲ್ಲೂ ಇರುವಂಥದ್ದು. ಕಲಾದಗಿ ಹತ್ತಿರದ ಒಂದು ಹಳ್ಳಿ ಅಂದುಕೊಳ್ಳಿ. ಮಳೆಗಾಲ. ಟಾಕಿ ಬುಡದಲ್ಲಿ ನಿಂತು ಒಬ್ಬ ಫೋನ್ ಮಾಡ್ತಾನೆ.

"ಸರ್, ಬ್ಲೀಚಿಂಗ್ ಹಾಕೇನ್ರಿ, ಆದ್ರೂ ಗುಳಿಗಿ ಹಾಕಿ ನೋಡಿದ್ರ ಬಣ್ಣಾನ ಬರವಲ್ದು."

"ಎಷ್ಟು ಹಾಕೀರಿ?"

"ಎರಡು ಬೊಗಸಿ ಹಾಕೇನ್ರಿ."

"ಟಾಕಿ ಎಷ್ಟು ಲೀಟರ್‌ದು?"

"ಐವತ್ತು ಸಾವಿರದ್ದು ಅಂತ ಬರದಾರ್ರಿ."

"ಪೌಡರ್ ಚೀಲ ಯಾವಾಗ ಒಡದೀರಿ?"

"ಉಗಾದಿ ಮುಂದ ಒಡದದ್ದು ನೋಡ್ರಿ ಸರ್. ಪಂಚಾಯ್ತಿ ಮೂಲ್ಯಾಗ ಇಟ್ಟೇವ್ರಿ."

ಸಿಕ್ಕಿತಲ್ಲ ಕಳ್ಳ! ಬ್ಲೀಚಿಂಗ್ ಪೌಡರ್ ಹೊಸದಿದ್ದಾಗ ಅದರಲ್ಲಿ ನೂರಕ್ಕೆ 33 ಪಾಲಿನಷ್ಟು ಕ್ಲೋರಿನ್ ಇರುತ್ತೆ. ಚೀಲದ ಬಾಯಿ ತೆರೆದು ಬಿಸಿಲು, ತೇವಕ್ಕೆ ಬಿಟ್ಟರೆ ಆ ಕ್ಲೋರಿನ್ ಗಾಳಿಗೆ ಹೋಗುತ್ತೆ, ಉಳಿಯೋದು ಸುಣ್ಣದಂಥ ಪುಡಿ. ಲೆಕ್ಕ ಸರಳ. 50 ಸಾವಿರ ಲೀಟರಿಗೆ, ಲೀಟರಿಗೆ 2 ಮಿಲಿಗ್ರಾಂನಂತೆ, 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪೌಡರ್ ಆದರೆ ಸುಮಾರು 300 ಗ್ರಾಂ. ಅರ್ಧ ಸತ್ತುಹೋದ ಪೌಡರ್ ಆದರೆ 600 ಗ್ರಾಂ. ಪೂರ್ತಿ ಸತ್ತಿದ್ದರೆ ಚೀಲವನ್ನೇ ಸುರಿದರೂ ಬಣ್ಣ ಬರೋದಿಲ್ಲ. ನಮ್ಮ ಮನುಷ್ಯ ಕೆಲಸಗಳ್ಳನಲ್ಲ, ಹಾಕಿದ್ದಾನೆ. ಆದರೆ ಬೊಗಸೆಗೆ ಗ್ರಾಂ ಗೊತ್ತಿಲ್ಲ, ಚೀಲಕ್ಕೆ ವಯಸ್ಸು ಬರೆದಿಲ್ಲ.

ಗಮನಿಸಿ, ಆ ತಜ್ಞ ಏನು ಮಾಡಿದ? ಮೂರು ಪ್ರಶ್ನೆ ಕೇಳಿದ. ಉಪದೇಶ ಕೊಡಲಿಲ್ಲ. ಆಮೇಲೆ ಹೇಳ್ತಾನೆ: "ಹೊಸಾ ಚೀಲ ಒಡೀರಿ, ತಾರೀಖು ಬರೀರಿ. ಕಿರಾಣಿ ಅಂಗಡ್ಯಾಗ ಮುನ್ನೂರು ಗ್ರಾಂ ಒಮ್ಮೆ ತೂಗಿಸ್ಕೊಂಡು, ಒಂದು ಡಬ್ಬಿಗೆ ಗುರ್ತು ಹಾಕ್ರಿ. ಬಕೆಟ್‌ನ್ಯಾಗ ಕದಡಿ, ಸುಣ್ಣ ತಳಕ್ಕ ಕೂತ ಮ್ಯಾಲೆ ತಿಳಿ ಅಷ್ಟ ಟಾಕಿಗೆ ಹಾಕ್ರಿ. ಅರ್ಧಾ ತಾಸು ಬಿಟ್ಟು ವಾಲ್ವ್ ತಗೀರಿ. ಊರ ಕಡೀ ನಳದಾಗ ನೋಡಿ ನನಗ ಫೋಟೋ ಹಾಕ್ರಿ." ಅಷ್ಟೇ. ಊರಿನ ಕೊನೇ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ನೀರು ದಾರಿಯುದ್ದಕ್ಕೂ ಕಾವಲಿನಲ್ಲಿ ಬಂದಿದೆ ಅಂತ ಅರ್ಥ.

ಫೋಟೋ ಅಂದೆನಲ್ಲ, ಅದರಲ್ಲೂ ಒಂದು ವಿದ್ಯೆ ಇದೆ. ಡಿಪಿಡಿ ಗುಳಿಗೆ ಹಾಕಿದರೆ ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಆದರೆ ಮೊಬೈಲ್ ಕ್ಯಾಮೆರಾ ಬಣ್ಣದ ವಿಷಯದಲ್ಲಿ ಸುಳ್ಳುಬುರುಕ. ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು. ಹಾಗಾಗಿ ಬಣ್ಣದ ಪಟ್ಟಿಯನ್ನು ಪಕ್ಕದಲ್ಲೇ ಹಿಡಿದು, ಹಗಲಲ್ಲಿ, ನೆರಳಲ್ಲಿ ನಿಂತು ತೆಗೆಯಬೇಕು. ಸಣ್ಣ ವಿಷಯ ಅನ್ನಿಸುತ್ತೆ. ಆದರೆ ದೂರದಿಂದ ನೆರವು ಕೊಡೋದು ಅಂದರೆ ಇಂಥ ಸಣ್ಣ ವಿಷಯಗಳೇ. ಮೋಟಾರ್ ವಿಷಯದಲ್ಲೂ ಹಾಗೇ. 'ಮೋಟಾರ್ ನೀರೆತ್ತವಲ್ದು' ಅಂದರೆ ಯಾವ ತಜ್ಞನಿಗೂ ಏನೂ ಗೊತ್ತಾಗೋದಿಲ್ಲ. ಮೋಟಾರ್ ಓಡುತ್ತಿರುವಾಗ ಪ್ಯಾನೆಲ್ ಬೋರ್ಡಿನ ವೋಲ್ಟ್, ಆಂಪ್ ಮೀಟರಿನ ಫೋಟೋ ಕಳಿಸಿದರೆ ಅರ್ಧ ರೋಗ ಅಲ್ಲೇ ಸಿಗುತ್ತೆ. ಆಂಪ್ ಎಂದಿಗಿಂತ ಬಹಳ ಕಡಿಮೆ ತೋರಿಸಿದರೆ ಬೋರಲ್ಲಿ ನೀರು ಇಳಿದಿರಬಹುದು. ಹೆಚ್ಚು ತೋರಿಸಿದರೆ ವೋಲ್ಟೇಜ್ ಇಲ್ಲ, ಇಲ್ಲಾ ಪಂಪ್ ಜಾಮ್. ಮೂರು ಫೇಸಲ್ಲಿ ಒಂದು ಹೋಗಿದ್ದರೆ ತಕ್ಷಣ ಆಫ್ ಮಾಡಿಸಬೇಕು, ಇಲ್ಲದಿದ್ದರೆ ಮೋಟಾರ್ ಸುಟ್ಟು ಊರಿಗೆ ವಾರಗಟ್ಟಲೆ ನೀರಿಲ್ಲ. ಅದು ಹೆಸ್ಕಾಂನವರಿಗೆ ಹೇಳಬೇಕಾದ ಕೆಲಸ, ಬೋರ್ ರಿಪೇರಿಯವನದ್ದಲ್ಲ. ಇದನ್ನು ಆ ಹೊತ್ತಿಗೆ ಯಾರಾದರೂ ಹೇಳಿದರೆ ಪಂಚಾಯ್ತಿಗೆ ಎಷ್ಟು ದುಡ್ಡು ಉಳಿಯುತ್ತೆ ಲೆಕ್ಕ ಹಾಕಿ.

ಸರಿ, ಇಷ್ಟು ಸುಲಭ ಇದ್ದರೆ ಎಲ್ಲ ಕಡೆ ಯಾಕೆ ನಡೆಯುತ್ತಿಲ್ಲ? ಇಲ್ಲೇ ಇರೋದು ವಿಷಯ.

ಕೆನಡಾ ದೇಶದ ಒಂಟಾರಿಯೋದಲ್ಲಿ ವಾಕರ್ಟನ್ ಅಂತ ಒಂದು ಸಣ್ಣ ಊರು. ಐದು ಸಾವಿರದಷ್ಟು ಜನ. 2000ದ ಮೇ ತಿಂಗಳಲ್ಲಿ ಜೋರು ಮಳೆ. ಪಕ್ಕದ ಹೊಲದ ಸಗಣಿ ಗೊಬ್ಬರದ ರೋಗಾಣು ಊರಿನ ಒಂದು ಬಾವಿಗೆ ಇಳಿಯಿತು. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಶ್ರೀಮಂತ ದೇಶ ಸ್ವಾಮಿ ಅದು! ಬಾವಿ, ಪಂಪು, ಕ್ಲೋರಿನ್ ಯಂತ್ರ ಎಲ್ಲ ಇತ್ತು. ನೀರು ನೋಡಿಕೊಳ್ಳುತ್ತಿದ್ದವರು ಅಣ್ಣ ತಮ್ಮ ಇಬ್ಬರು. ಅನುಭವದ ಮೇಲೆ ಸರ್ಟಿಫಿಕೇಟ್ ಸಿಕ್ಕಿತ್ತು, ಪರೀಕ್ಷೆ ಬರೆದಿರಲಿಲ್ಲ. ಕ್ಲೋರಿನ್ ಅಳೆಯದೇ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರು. ನೀರು ಕೆಟ್ಟಿದೆ ಅಂತ ಪ್ರಯೋಗಾಲಯದಿಂದ ವರದಿ ಬಂದಾಗ ಅಣ್ಣ ಅದನ್ನು ಆರೋಗ್ಯ ಇಲಾಖೆಗೆ ಹೇಳಲಿಲ್ಲ. ನೀರು ಕುದಿಸಿ ಕುಡಿಯಿರಿ ಅನ್ನೋ ಎಚ್ಚರಿಕೆ ದಿನಗಳ ಮೇಲೆ ತಡವಾಯಿತು.

ರಾಕ್ಷಸರಾ ಅವರು? ಇಲ್ಲ. ವಿಚಾರಣೆಯಲ್ಲಿ ಗೊತ್ತಾಯಿತು, ಕ್ಲೋರಿನ್ ಹಾಕದ ಬಾವಿ ನೀರು ಚೆನ್ನಾಗಿದೆ ಅಂತ ಅವರೇ ಕುಡಿಯುತ್ತಿದ್ದರಂತೆ! ಅಪಾಯ ಏನು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೇಳೋದಕ್ಕೆ ಒಂದು ಜಾಗವೂ ಇರಲಿಲ್ಲ ಅನ್ನೋದು ನನ್ನ ಅನಿಸಿಕೆ. ಕೇಳಿದ್ದರೆ ತಪ್ಪು ಬಯಲಾಗುತ್ತಿತ್ತು, ಬಯಲಾದರೆ ಕೆಲಸ ಹೋಗುತ್ತಿತ್ತು. 2002ರಲ್ಲಿ ವಿಚಾರಣಾ ವರದಿ ಬಂತು, 2004ರಲ್ಲಿ ಅದೇ ಊರಲ್ಲಿ ನೀರು ನಡೆಸುವವರ ತರಬೇತಿಗಾಗಿಯೇ ಒಂದು ಕೇಂದ್ರ ಶುರುವಾಯಿತು. ಏಳು ಹೆಣ ಬಿದ್ದ ಮೇಲೆ.

ಈಗ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಬನ್ನಿ. ಪಂಚಾಯ್ತಿಗಳಲ್ಲಿ ಗ್ರೂಪ್ ಇಲ್ಲ ಅಂತಲ್ಲ. ಅದರಲ್ಲಿ ಯಾರ್ಯಾರು ಇರ್ತಾರೆ? ಪಿಡಿಒ ಸಾಹೇಬರು, ಇಂಜಿನಿಯರ್ ಸಾಹೇಬರು, ಕೆಲವು ಕಡೆ ಅಧ್ಯಕ್ಷರ ಯಜಮಾನರೂ ಇರ್ತಾರೆ. ಅಲ್ಲಿ ಏನು ಬರುತ್ತೆ? 'ಟಾಕಿ ತೊಳೆದ ಫೋಟೋ ಹಾಕಿ.' 'ಇವತ್ತು ಸಂಜೆಯೊಳಗೆ ವರದಿ ಕೊಡಿ.' ಇವನು ಏನು ಹಾಕ್ತಾನೆ? ಫೋಟೋ, ಕೈ ಮುಗಿದ ಚಿತ್ರ. ನೀವೇ ಹೇಳಿ, ಆ ಗ್ರೂಪಲ್ಲಿ ಯಾವನಾದರೂ 'ಸರ್, ನನಗೆ ಬ್ಲೀಚಿಂಗ್ ಲೆಕ್ಕ ತಿಳಿಯುತ್ತಿಲ್ಲ' ಅಂತ ಬರೀತಾನಾ? ಸಂಬಳ ಬರೆಯುವವರ ಮುಂದೆ ಯಾರೂ ತಮ್ಮ ಅಜ್ಞಾನ ಬಿಚ್ಚೋದಿಲ್ಲ. ನಾನಂತೂ ನಮ್ಮ ಆಫೀಸಿನ ಗ್ರೂಪಲ್ಲಿ ಇವತ್ತಿಗೂ ಬಿಚ್ಚಿಲ್ಲ.

ಅದಕ್ಕೇ ಹೇಳೋದು, ನೆರವು ಕೊಡುವ ಫೋನು ಬೇರೆ, ಲೆಕ್ಕ ಕೇಳುವ ಫೋನು ಬೇರೆ ಇರಬೇಕು. ಇಲ್ಲಿ ಹೊರಗಿನವನಾಗಿರೋದೇ ತಜ್ಞನ ಬಲ. ಅವನು ಸಾಹೇಬನಲ್ಲ. ಅವನಿಗೆ ಹೇಳಿದ ಮಾತು ನೋಟಿಸ್ ಆಗಿ ಮನೆಗೆ ಬರೋದಿಲ್ಲ. ಒಂದೇ ಒಂದು ವಿಷಯಕ್ಕೆ ವಿನಾಯಿತಿ ಇದೆ: ಜನರ ಜೀವಕ್ಕೆ ಅಪಾಯ ಕಂಡರೆ ಅದು ಮೇಲಿನವರಿಗೆ ಹೋಗಲೇಬೇಕು. ಆದರೆ ಅದನ್ನು ಮೊದಲ ದಿನವೇ ನೀರುಗಂಟಿಗೆ ಬಾಯಿಬಿಟ್ಟು ಹೇಳಿರಬೇಕು. ಬೆನ್ನ ಹಿಂದೆ ಹೇಳಿದರೆ ಎರಡನೇ ಸಲ ಅವನು ಫೋನ್ ಮಾಡೋದಿಲ್ಲ.

ಇನ್ನೊಂದು ಪಾಠ ನಮ್ಮ ಹುಬ್ಬಳ್ಳಿ-ಧಾರವಾಡದಿಂದಲೇ ಬಂದಿದೆ. 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಅನ್ನೋ ಸಂಸ್ಥೆ ಅಲ್ಲಿ ಕೆಲಸ ಮಾಡಿತು. ವಾಲ್ವ್ ತಿರುಗಿಸುವವರು ನೀರು ಬಿಡುವಾಗ ಒಂದು ನಂಬರಿಗೆ ಫೋನ್ ಮಾಡಿ ತಿಳಿಸೋದು, ಆ ಭಾಗದ ಮನೆಗಳಿಗೆ ಎಸ್ಸೆಮ್ಮೆಸ್ ಹೋಗೋದು. ಬಹಳ ಒಳ್ಳೇ ವಿಚಾರ. ಆಮೇಲೆ ಬೆಂಗಳೂರಿಗೂ ಹೋಯಿತು. ಅಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ ಕಂಡದ್ದೇನು? ವಾಲ್ವ್‌ಮ್ಯಾನ್‌ಗಳು ಸರಿಯಾಗಿ ತಿಳಿಸುತ್ತಿರಲಿಲ್ಲ. ಯಾಕೆ? ಕಡಿಮೆ ದುಡಿಮೆ, ಮನೆಯ ತಾಪತ್ರಯ, ಅದರ ಮೇಲೆ ಇದೊಂದು ಕೆಲಸ. ಆ ವ್ಯವಸ್ಥೆ ಅವರಿಂದ ಮಾಹಿತಿ ತಗೊಳ್ಳೋದಕ್ಕೆ ಕಟ್ಟಿದ್ದು, ಅವರ ಪ್ರಶ್ನೆಗೆ ಉತ್ತರ ಕೊಡೋದಕ್ಕೆ ಅಲ್ಲ. ಇವತ್ತು ನೀರಿನ ಹೆಸರಲ್ಲಿ ಬರುವ ಆ್ಯಪ್‌ಗಳನ್ನು ಈ ಕಣ್ಣಿಂದ ನೋಡಿ. ನೀರುಗಂಟಿ ಹತ್ತು ಕಾಲಂ ತುಂಬಬೇಕು, ಫೋಟೋ ಏರಿಸಬೇಕು. ತುಂಬಿದ್ದಕ್ಕೆ ಒಂದಾದರೂ ಉತ್ತರ ಬರುತ್ತಾ?

ಯಾರು ತಜ್ಞರಾಗಬೇಕು ಅಂದರೆ ಅಮೆರಿಕದಿಂದ ಕರೆಸಬೇಕಾಗಿಲ್ಲ. ಅಮೆರಿಕದವರು ದಶಕಗಳಿಂದ ಊರೂರು ಸುತ್ತಿ ಸಣ್ಣ ನೀರಿನ ವ್ಯವಸ್ಥೆಗಳಿಗೆ ಕೈಜೋಡಿಸುವ ಜನರನ್ನು ಇಟ್ಟುಕೊಂಡಿದ್ದಾರೆ, 'ಸರ್ಕ್ಯೂಟ್ ರೈಡರ್' ಅಂತಾರೆ. ಹಿಂದೆ ಕುದುರೆ ಮೇಲೆ ಊರೂರು ಸುತ್ತುತ್ತಿದ್ದ ಪಾದ್ರಿಗಳ ಹೆಸರು ಅದು. ನಮ್ಮಲ್ಲಿ ಬಾಗಲಕೋಟೆಯಲ್ಲೇ 1963ರಿಂದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ, ಸಿವಿಲ್ ವಿಭಾಗವಿದೆ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯ ಇದೆ. ನಿವೃತ್ತ ಇಂಜಿನಿಯರುಗಳು ನವನಗರದ ಪಾರ್ಕುಗಳಲ್ಲಿ ಬೆಳಗ್ಗೆ ವಾಕಿಂಗ್ ಮಾಡ್ತಿದ್ದಾರೆ. ಇ-ಸಂಜೀವಿನಿಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದವರು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ಡಾಕ್ಟರನ್ನು ಕೇಳ್ತಾರಲ್ಲ, ಹಾಗೆ ಟಾಕಿಯನ್ನು ಪಕ್ಕದಲ್ಲಿಟ್ಟುಕೊಂಡು ಇಂಜಿನಿಯರನ್ನು ಕೇಳೋದಕ್ಕೆ ಅಡ್ಡಿ ಏನು?

ಆದರೆ ಹೀಗೆ ಫೋನ್ ಎತ್ತಲು ಒಪ್ಪುವವರಿಗೆ ನನ್ನದೊಂದು ಮಾತು. ಉತ್ತರವನ್ನು ಇಂಗ್ಲಿಷಲ್ಲಿ ಟೈಪ್ ಮಾಡಬೇಡಿ, ಅವನ ಮಾತಲ್ಲೇ ಒಂದು ನಿಮಿಷದ ಆಡಿಯೋ ಕಳಿಸಿ, ಸಿಗ್ನಲ್ ಬಂದಾಗ ಕೇಳ್ತಾನೆ, ಮರೆತಾಗ ಇನ್ನೊಮ್ಮೆ ಕೇಳ್ತಾನೆ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ' ಅನ್ನಿ. ಮೂಗಿಗೆ ಬರುವ ವಾಸನೆ ಫೋನಲ್ಲಿ ಬರೋದಿಲ್ಲ, ಪೈಪಿನ ಪಕ್ಕ ಹರಿಯುವ ಚರಂಡಿ ಫೋಟೋದ ಚೌಕಟ್ಟಿನ ಆಚೆಗಿರುತ್ತೆ. ಹಾಗಾಗಿ ಹತ್ತಿರದ್ದೊಂದು, ಹತ್ತು ಹೆಜ್ಜೆ ಹಿಂದೆ ನಿಂತು ಒಂದು, ಎರಡು ಫೋಟೋ ಕೇಳಿ. ಕೆಲವು ಕೆಲಸವನ್ನಂತೂ ಫೋನ್ ಮೇಲೆ ಮಾಡಿಸಲೇಬೇಡಿ. ಕರೆಂಟ್ ಇರುವ ಪ್ಯಾನೆಲ್ ಬಿಚ್ಚು ಅನ್ನಬೇಡಿ. ಮುಚ್ಚಿದ ಸಂಪಿಗೆ, ಬಾವಿಗೆ ಒಬ್ಬನೇ ಇಳಿ ಅನ್ನಬೇಡಿ. ಒಳಗೆ ಉಸಿರಾಡುವ ಗಾಳಿ ಇರೋದಿಲ್ಲ, ಇಳಿದವನು ಮೇಲೆ ಬರೋದಿಲ್ಲ. ಅಲ್ಲಿಗೆ ಮನುಷ್ಯರೇ ಹೋಗಬೇಕು, ಸಲಕರಣೆ ಸಮೇತ.

ಹೊಳೆ ನೀರು ಕುಡಿಯುವ ಊರಲ್ಲಿ ಮಳೆಗಾಲಕ್ಕೆ ಇನ್ನೊಂದು ಎಚ್ಚರ ಹೇಳಿಕೊಡಿ. ನೀರು ರಾಡಿಯಾಗಿದ್ದಾಗ ಎಷ್ಟು ಬ್ಲೀಚಿಂಗ್ ಹಾಕಿದರೂ ಅದನ್ನು ಕೆಸರೇ ತಿಂದುಬಿಡುತ್ತೆ, ರೋಗಾಣುವಿಗೆ ಉಳಿಯೋದಿಲ್ಲ. ಮೊದಲು ಪಟಿಕ ಹಾಕಿ ಅಥವಾ ನಿಲ್ಲಿಸಿ ತಿಳಿಮಾಡಬೇಕು, ಆಮೇಲೆ ಬ್ಲೀಚಿಂಗ್. ಈ ಒಂದು ಮಾತು ಘಟಪ್ರಭಾ ಉಕ್ಕುವ ಮುಂಚೆ ತಲುಪಬೇಕು.

ಮತ್ತೆ ಹಳ್ಳಿಯ ಹೆಣ್ಣುಮಕ್ಕಳನ್ನು ಮರೀಬೇಡಿ. ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸೋದು ಕಲಿಸಬೇಕು. ಕಿಟ್ ಕೊಟ್ಟಿರ್ತಾರೆ. ಬಣ್ಣ ಕೆಟ್ಟದ್ದು ಬಂದಾಗ ಆ ಅಕ್ಕ ಯಾರಿಗೆ ಹೇಳಬೇಕು? ಅವಳ ಕೈಯಲ್ಲೂ ಅದೇ ನಂಬರ್ ಇರಲಿ. ನೀರುಗಂಟಿ ಮುಚ್ಚಿಟ್ಟರೂ ಅವಳು ಮುಚ್ಚಿಡೋದಿಲ್ಲ, ಯಾಕಂದ್ರೆ ಆ ನೀರು ಅವಳ ಮಗುವಿನ ಲೋಟಕ್ಕೆ ಹೋಗುತ್ತೆ.

ಕೊನೇದಾಗಿ ಒಂದು ಸಣ್ಣ ಲೆಕ್ಕ. ಈ ಎಲ್ಲ ಫೋಟೋ, ವಿಡಿಯೋ, ಆಡಿಯೋ ಅವನ ಸ್ವಂತ ಫೋನಿಂದ, ಅವನ ಸ್ವಂತ ರೀಚಾರ್ಜಿನಿಂದ ಹೋಗುತ್ತೆ. ಮೋಟಾರ್ ಸುಟ್ಟರೆ ರಿಪೇರಿಗೆ ಪಂಚಾಯ್ತಿ ಬಿಲ್ ಬರೆಯುತ್ತೆ. ನೀರುಗಂಟಿಯ ತಿಂಗಳ ರೀಚಾರ್ಜ್ ಯಾವ ಬಿಲ್ಲಿಗೆ ಬರೆಯೋದು? ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದೊಂದನ್ನು ಕೇಳಿ ನೋಡಿ.